ಪುಟವನ್ನು ತೆರೆದವರು: ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್ ಮತ್ತು ಮುಕ್ತ ತಂತ್ರಾಂಶ

ಕಂಪ್ಯೂಟರಿನಲ್ಲಿ ಸಿದ್ಧವಾದ ಪುಟವೊಂದು ಬೇರೊಂದು ಯಂತ್ರಕ್ಕೆ ಹೋದಾಗ ಅಕ್ಷರ, ಸಾಲು, ಅಂಚು ಯಾವುದೂ ಕದಲದೆ ಇದ್ದ ಹಾಗೆಯೇ ತೆರೆದುಕೊಳ್ಳಬೇಕೆಂಬ ನಿರೀಕ್ಷೆ ಇಂದು ಎಲ್ಲರಿಗೂ ಸಹಜವಾಗಿದೆ. 1980ರ ದಶಕದ ಆರಂಭದಲ್ಲಿ ಇದು ಸಹಜವಾಗಿರಲಿಲ್ಲ. ಪ್ರಿಂಟರುಗಳಿಗೆ ಅವುಗಳ ತಯಾರಕರು ಗೊತ್ತುಮಾಡಿದ ಆಜ್ಞೆಗಳು ಬೇರೆಬೇರೆಯಾಗಿದ್ದು, ಬರೆಯುವ ತಂತ್ರಾಂಶಕ್ಕೆ ಯಾವ ಪ್ರಿಂಟರಿನ ಪರಿಚಯವಿತ್ತೋ ಅದರಲ್ಲಿ ಮಾತ್ರ ಪುಟ ಸರಿಯಾಗಿ ಅಚ್ಚಾಗುತ್ತಿತ್ತು. ಈ ಅವ್ಯವಸ್ಥೆಯನ್ನು ನೀಗಿಸಿದ ಎರಡು ಏರ್ಪಾಡುಗಳು, ಅಂದರೆ ಪೋಸ್ಟ್‌ಸ್ಕ್ರಿಪ್ಟ್ ಮತ್ತು ಪಿಡಿಎಫ್, ಎರಡೂ ಅಡೋಬಿ ಎಂಬ ಒಂದೇ ಅಮೆರಿಕನ್ ಕಂಪನಿಯಲ್ಲಿ ಹುಟ್ಟಿದವು. ಆದರೂ ಇವತ್ತು ಅವುಗಳನ್ನು ಓದಲಿಕ್ಕಾಗಲಿ ಬರೆಯಲಿಕ್ಕಾಗಲಿ ಆ ಕಂಪನಿಯ ತಂತ್ರಾಂಶವೇ ಬೇಕೆಂದಿಲ್ಲ. ಕಂಪನಿಯು ತನ್ನ ಪುಟಭಾಷೆಯ ವ್ಯಾಕರಣವನ್ನು ಪುಸ್ತಕವಾಗಿ ಅಚ್ಚುಹಾಕಿಸಿ ಮಾರಿದ್ದೂ, ಆ ಪುಸ್ತಕವನ್ನು ಓದಿದ ಕೆಲವರು ಯಾರ ಅಪ್ಪಣೆಗೂ ಕಾಯದೆ ಅದೇ ಭಾಷೆಯನ್ನು ಬಲ್ಲ ತಂತ್ರಾಂಶಗಳನ್ನು ರಚಿಸಿ ಹಂಚಿದ್ದೂ ಇದಕ್ಕೆ ಕಾರಣ. ಅಚ್ಚಾಗದೆ ಉಳಿದ, ಅಥವಾ ಅಚ್ಚಾದರೂ ಷರತ್ತಿಗೆ ಒಳಪಟ್ಟ ಭಾಗಗಳಲ್ಲಿ ಮಾತ್ರ ಆ ಕೆಲಸ ಹತ್ತಾರು ವರ್ಷ ಎಳೆಯಿತು.

ಮುಕ್ತ ತಂತ್ರಾಂಶವೆಂದರೆ ಯಾರು ಬೇಕಾದರೂ ಬಳಸಬಹುದಾದ, ಒಳಗಣ ರಚನೆಯನ್ನು ಓದಿ ತಿದ್ದಬಹುದಾದ, ತಿದ್ದಿದ್ದನ್ನು ಇತರರಿಗೆ ಹಂಚಬಹುದಾದ ತಂತ್ರಾಂಶ. ಬೆಲೆಯಿಲ್ಲದೆ ಸಿಗುವುದೆಲ್ಲ ಈ ಅರ್ಥದಲ್ಲಿ ಮುಕ್ತವಲ್ಲ. ಈ ವಿಚಾರವೂ ಒಂದು ಪ್ರಿಂಟರಿನ ಆಸುಪಾಸಿನಲ್ಲಿಯೇ ರೂಪುಗೊಂಡಿತು. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಕೊಟ್ಟಿದ್ದ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸುದ್ದಿ ತಲುಪಿಸುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಆದರೆ ಅದರ ಮೂಲ ಸಂಕೇತ, ಅಂದರೆ ಮನುಷ್ಯರು ಓದಿ ತಿದ್ದಬಲ್ಲ ರೂಪದಲ್ಲಿರುವ ಪಠ್ಯ, ಅವರಿಗೆ ದೊರೆಯಲಿಲ್ಲ. 1983ರ ಸೆಪ್ಟೆಂಬರಿನಲ್ಲಿ ಅವರು ಘೋಷಿಸಿದ ಗ್ನು ಯೋಜನೆಗೆ ಈ ನಿರಾಕರಣೆಯೂ ಒಂದು ಪ್ರೇರಣೆಯೆಂದು ಮುಂದೆ ಅವರೇ ಅನೇಕ ಕಡೆ ಹೇಳಿದ್ದಾರೆ. ತಿದ್ದಿ ಹಂಚುವವರು ಪಡೆದವರಿಗೂ ಅದೇ ಹಕ್ಕನ್ನು ಕೊಡಬೇಕೆಂದು ವಿಧಿಸುವ ಜಿಪಿಎಲ್ ಎಂಬ ಪರವಾನಗಿ 1989ರಲ್ಲಿ ಆ ಯೋಜನೆಯಿಂದ ಹೊರಬಂದಿತು.

ಪುಟಭಾಷೆಯ ಕಥೆ ಅದೇ ಜೆರಾಕ್ಸ್‌ನ ಮತ್ತೊಂದು ಮೂಲೆಯಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಆರಂಭವಾಗುತ್ತದೆ. ಅಲ್ಲಿ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕಿ ಇಂಟರ್‌ಪ್ರೆಸ್ ಎಂಬ ಪುಟವರ್ಣನೆಯ ಭಾಷೆಯನ್ನು ರೂಪಿಸಿದ್ದರು. ಅದನ್ನು ಹೊರಗಿನವರಿಗೆ ಬಿಟ್ಟುಕೊಡಲು ಜೆರಾಕ್ಸ್ ಆಸಕ್ತಿ ತೋರದಿದ್ದಾಗ ಇಬ್ಬರೂ 1982ರಲ್ಲಿ ಹೊರನಡೆದು ಅಡೋಬಿಯನ್ನು ಸ್ಥಾಪಿಸಿದರು. 1984ರಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಸಿದ್ಧವಾಯಿತು. ಪುಟವನ್ನು ಚುಕ್ಕಿಗಳ ಚಿತ್ರವಾಗಿ ಕಳುಹಿಸುವ ಬದಲು, ಆ ಪುಟವನ್ನು ಬರೆಯುವುದು ಹೇಗೆಂದು ತಿಳಿಸುವ ಪುಟ್ಟ ಪ್ರೋಗ್ರಾಮನ್ನೇ ಪ್ರಿಂಟರಿಗೆ ಕಳುಹಿಸುವುದು ಪೋಸ್ಟ್‌ಸ್ಕ್ರಿಪ್ಟ್‌ನ ಮೂಲ ಉಪಾಯ. ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಅಕ್ಷರವನ್ನು ಇಷ್ಟು ಗಾತ್ರದಲ್ಲಿ ಇಲ್ಲಿ ಕೂರಿಸು, ಈ ಆಕೃತಿಗೆ ಬಣ್ಣ ತುಂಬು ಎಂಬ ಆಜ್ಞೆಗಳನ್ನು ಪ್ರಿಂಟರಿನೊಳಗಿನ ಸಂಸ್ಕಾರಕವು ಒಂದೊಂದಾಗಿ ನಡೆಸಿ, ತನ್ನ ಸಾಮರ್ಥ್ಯಕ್ಕೆ ತಕ್ಕ ಸೂಕ್ಷ್ಮತೆಯಲ್ಲಿ ಪುಟವನ್ನು ಕಟ್ಟಿಕೊಳ್ಳುತ್ತಿತ್ತು. ಆದ್ದರಿಂದ ಒಂದೇ ಕಡತವು ಕಚೇರಿಯ ಲೇಸರ್ ಪ್ರಿಂಟರಿನಲ್ಲೂ ಮುದ್ರಣಾಲಯದ ದುಬಾರಿ ಯಂತ್ರದಲ್ಲೂ ಆಯಾ ಯಂತ್ರದ ಮಟ್ಟಕ್ಕೆ ತಕ್ಕಂತೆ ಮೂಡುತ್ತಿತ್ತು. 1985ರಲ್ಲಿ ಆಪಲ್ ಮಾರುಕಟ್ಟೆಗೆ ತಂದ ಲೇಸರ್‌ರೈಟರ್ ಪ್ರಿಂಟರಿನ ಬೆಲೆ 6,995 ಡಾಲರ್. ಅದರೊಳಗಿನ ಸಂಸ್ಕಾರಕವು ಅದಕ್ಕೆ ಪುಟ ಕಳುಹಿಸುವ ಮ್ಯಾಕಿಂತೋಷ್ ಕಂಪ್ಯೂಟರಿನದಕ್ಕಿಂತ ವೇಗದ್ದಾಗಿತ್ತು. ಅದೇ ವರ್ಷ ಬಂದ ಪೇಜ್‌ಮೇಕರ್ ತಂತ್ರಾಂಶದೊಡನೆ ಸೇರಿ ಇದು ಮುಂದೆ ನಮ್ಮಲ್ಲಿಯೂ ಡಿಟಿಪಿ ಎಂದು ಹೆಸರಾದ ಉದ್ಯೋಗಕ್ಕೆ ಅಡಿಪಾಯ ಹಾಕಿತು.

ಅಡೋಬಿಗೆ ಆದಾಯ ಬರುತ್ತಿದ್ದದ್ದು ಪ್ರಿಂಟರಿನೊಳಗೆ ಕುಳಿತು ಈ ಭಾಷೆಯನ್ನು ಅರ್ಥಮಾಡಿಕೊಳ್ಳುವ ತಂತ್ರಾಂಶದಿಂದ. ಪ್ರತಿಯೊಂದು ಪ್ರಿಂಟರಿಗೂ ತಯಾರಕರು ರಾಯಧನ ತೆರಬೇಕಾಗಿತ್ತು. ಆ ವ್ಯಾಪಾರ ಬೆಳೆಯಬೇಕಾದರೆ ಎಲ್ಲ ತಂತ್ರಾಂಶಗಳೂ ಪೋಸ್ಟ್‌ಸ್ಕ್ರಿಪ್ಟ್ ಬರೆಯುವುದನ್ನು ಕಲಿಯಬೇಕಿತ್ತು, ಹಾಗೆ ಕಲಿಯಲು ವ್ಯಾಕರಣ ಬೇಕಿತ್ತು. 1985ರಲ್ಲಿ ಕಂಪನಿ ಅದನ್ನು ಪುಸ್ತಕವಾಗಿ ಪ್ರಕಟಿಸಿದ್ದು ಹೀಗೆ. ಹೊದಿಕೆಯ ಬಣ್ಣದಿಂದ ಅದು ಕೆಂಪು ಪುಸ್ತಕವೆಂದೇ ಹೆಸರಾಯಿತು. ಇದರಲ್ಲಿ ಔದಾರ್ಯ ಎಷ್ಟಿತ್ತು, ವ್ಯವಹಾರಜ್ಞಾನ ಎಷ್ಟಿತ್ತು ಎಂದು ಅಳೆಯುವ ಅಗತ್ಯವಿಲ್ಲ. ಬರೆಯುವುದನ್ನು ಕಲಿಸುವ ಪುಸ್ತಕವು ಓದುವುದನ್ನೂ ಕಲಿಸಿಯೇ ಕಲಿಸುತ್ತದೆ. ಕಂಪನಿಯ ಲೆಕ್ಕಾಚಾರವನ್ನು ಮೀರಿದ ಫಲ ಅಲ್ಲಿಂದ ಬಂತು.

ಆ ಪುಸ್ತಕವನ್ನು ಆಧರಿಸಿ ಪೋಸ್ಟ್‌ಸ್ಕ್ರಿಪ್ಟ್‌ನ ಸ್ವತಂತ್ರ ಓದುಗನನ್ನು ಬರೆದವರು ಎಲ್. ಪೀಟರ್ ಡಾಯ್ಚ್. ಹದಿಹರೆಯದಲ್ಲಿಯೇ ಪಿಡಿಪಿ-1 ಯಂತ್ರಕ್ಕೆ ಲಿಸ್ಪ್ ಭಾಷೆಯನ್ನು ಅಳವಡಿಸಿ ಹೆಸರು ಮಾಡಿದ್ದ, ಪಾಲೊ ಆಲ್ಟೊದ ಅದೇ ಜೆರಾಕ್ಸ್ ಕೇಂದ್ರದಲ್ಲಿ ಕೆಲಸ ಮಾಡಿ ಬಂದಿದ್ದ ಅವರು 1988ರ ಆಗಸ್ಟ್‌ನಲ್ಲಿ ಗೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶವನ್ನು ಗ್ನು ಯೋಜನೆಯ ಭಾಗವಾಗಿ ಬಿಡುಗಡೆ ಮಾಡಿದರು. ಪ್ರಿಂಟರಿನೊಳಗೆ ನಡೆಯುತ್ತಿದ್ದ ಕೆಲಸವನ್ನು ಗೋಸ್ಟ್‌ಸ್ಕ್ರಿಪ್ಟ್ ಕಂಪ್ಯೂಟರಿನೊಳಗೆ ನಡೆಸುತ್ತಿತ್ತು: ಪೋಸ್ಟ್‌ಸ್ಕ್ರಿಪ್ಟ್ ಪ್ರೋಗ್ರಾಮನ್ನು ಓದಿ, ಅದರ ಆಜ್ಞೆಗಳಂತೆ ಪುಟವನ್ನು ಕಟ್ಟಿ, ಪರದೆಯ ಮೇಲೆ ತೋರಿಸುತ್ತಿತ್ತು ಅಥವಾ ಯಾವುದೇ ಅಗ್ಗದ ಪ್ರಿಂಟರಿಗೆ ಅರ್ಥವಾಗುವ ಚುಕ್ಕಿಗಳಾಗಿ ಬಿಡಿಸಿಕೊಡುತ್ತಿತ್ತು. ಈ ಎರಡನೆಯ ಉಪಯೋಗದ ವ್ಯಾಪ್ತಿ ಊಹಿಸಿದ್ದಕ್ಕಿಂತ ದೊಡ್ಡದಾಯಿತು. ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಪ್ರಿಂಟರಿಗೆ ಸಾವಿರಾರು ಡಾಲರ್ ತೆರಲಾರದವರು ಡಾಟ್ ಮ್ಯಾಟ್ರಿಕ್ಸ್ ಅಥವಾ ಇಂಕ್‌ಜೆಟ್ ಯಂತ್ರದಲ್ಲಿ ಅದೇ ಪುಟವನ್ನು ಪಡೆಯುವಂತಾಯಿತು. 1990ರ ದಶಕದಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಯಂತ್ರಗಳಲ್ಲಿ ಮುದ್ರಣವೆಂದರೆ ಬಹುಮಟ್ಟಿಗೆ ಗೋಸ್ಟ್‌ಸ್ಕ್ರಿಪ್ಟ್ ಮೂಲಕ ಹಾದುಹೋಗುವ ಪುಟವೇ ಆಗಿತ್ತು. ಗೋಸ್ಟ್‌ಸ್ಕ್ರಿಪ್ಟ್‌ನ ಬಳಕೆಯನ್ನು ಗುಂಡಿ ಒತ್ತಿ ಪುಟ ಮಗುಚುವಷ್ಟು ಸುಲಭಗೊಳಿಸಿದ ಗೋಸ್ಟ್‌ವ್ಯೂ ಎಂಬ ಹೊರಮೈಯನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟಿಮ್ ಥೈಸೆನ್ ರೂಪಿಸಿದರು. ಸಂಶೋಧನಾ ಪ್ರಬಂಧಗಳನ್ನು ಪೋಸ್ಟ್‌ಸ್ಕ್ರಿಪ್ಟ್ ಕಡತಗಳಾಗಿ ಹಂಚಿಕೊಳ್ಳುತ್ತಿದ್ದ ಗಣಿತ, ಭೌತವಿಜ್ಞಾನ ಮತ್ತು ಗಣಕವಿಜ್ಞಾನದ ವಿದ್ವಾಂಸರ ಒಂದು ತಲೆಮಾರು ಓದಿದ್ದೆಲ್ಲ ಈ ಜೋಡಿಯ ಮೂಲಕವೇ.

ಡಾಯ್ಚ್ ಅವರ ಪರವಾನಗಿಯ ನೀತಿ ಮಾತ್ರ ಮುಕ್ತ ತಂತ್ರಾಂಶದ ನಿಷ್ಠಾವಂತರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. 1990ರ ದಶಕದ ನಡುವಿನಿಂದ ಹೊಸ ಆವೃತ್ತಿಗಳು ಮೊದಲು ಅವರದೇ ಅಲಾಡಿನ್ ಪರವಾನಗಿಯ ಅಡಿಯಲ್ಲಿ ಬರುತ್ತಿದ್ದವು. ಅದರಂತೆ ಸ್ವಂತ ಬಳಕೆಗೆ ಅಡ್ಡಿಯಿರಲಿಲ್ಲವಾದರೂ ಮಾರಾಟದ ಸರಕಿನೊಡನೆ ಹಂಚುವಂತಿರಲಿಲ್ಲ. ಸುಮಾರು ಒಂದು ವರ್ಷ ಕಳೆದ ಬಳಿಕ ಅದೇ ಆವೃತ್ತಿ ಜಿಪಿಎಲ್ ಅಡಿಯಲ್ಲಿ ಎಲ್ಲರದಾಗುತ್ತಿತ್ತು. ತಮ್ಮ ಯಂತ್ರಗಳಲ್ಲಿ ಅದನ್ನು ಅಳವಡಿಸಿ ಮಾರಲು ಬಯಸುವ ಪ್ರಿಂಟರ್ ತಯಾರಕರು 1993ರಲ್ಲಿ ಹುಟ್ಟಿದ ಆರ್ಟಿಫೆಕ್ಸ್ ಕಂಪನಿಗೆ ಹಣ ತೆತ್ತು ಪ್ರತ್ಯೇಕ ಪರವಾನಗಿ ಪಡೆಯುತ್ತಿದ್ದರು. ಇದನ್ನು ಅರೆಮುಕ್ತವೆಂದು ಹೀಗಳೆದವರಿದ್ದಾರೆ. ಆದರೆ ಒಬ್ಬನೇ ಮನುಷ್ಯ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಂಥ ಜಟಿಲ ತಂತ್ರಾಂಶವನ್ನು ಕೈಬಿಡದೆ ಸಾಕಿದ್ದು ಈ ಏರ್ಪಾಡಿನಿಂದಲೇ. ಉಳ್ಳವರಿಂದ ಪಡೆದು ಉಳಿದವರಿಗೆ ತಡವಾಗಿಯಾದರೂ ಬಿಟ್ಟುಕೊಟ್ಟ ಈ ಕ್ರಮಕ್ಕೆ ಮುಕ್ತ ತಂತ್ರಾಂಶದ ಚರಿತ್ರೆಗಳಲ್ಲಿ ಸಿಕ್ಕಿರುವ ಸ್ಥಾನ ಅದರ ಯೋಗ್ಯತೆಗಿಂತ ಕಡಿಮೆಯೆಂದೇ ಹೇಳಬೇಕು. ಮುಂದೆ ಡಾಯ್ಚ್ ನಿವೃತ್ತರಾಗಿ ಸಂಗೀತ ರಚನೆಯತ್ತ ತಿರುಗಿದರು. ತಂತ್ರಾಂಶದ ಹೊಣೆ ರಾಫ್ ಲೆವಿಯನ್ ಮೊದಲಾದವರಿಗೆ ಹೋಯಿತು. 2006ರಲ್ಲಿ ಕಾಯುವ ಅವಧಿ ರದ್ದಾಗಿ ಹೊಚ್ಚ ಹೊಸ ಆವೃತ್ತಿಯೂ ನೇರವಾಗಿ ಜಿಪಿಎಲ್ ಅಡಿಯಲ್ಲಿ ಬರತೊಡಗಿತು.

ವ್ಯಾಕರಣ ಪ್ರಕಟವಾಗಿತ್ತು ನಿಜ, ಅಕ್ಷರಗಳು ಪ್ರಕಟವಾಗಿರಲಿಲ್ಲ. ಅಡೋಬಿಯ ಟೈಪ್ 1 ಎಂಬ ಉತ್ತಮ ಗುಣಮಟ್ಟದ ಫಾಂಟುಗಳ ಒಳರಚನೆಯನ್ನು ಕಂಪನಿ ಗೂಢಲಿಪಿಯಲ್ಲಿ ಅಡಗಿಸಿಟ್ಟಿತ್ತು. ಸಣ್ಣ ಗಾತ್ರದಲ್ಲಿಯೂ ಅಕ್ಷರ ಒಡೆಯದಂತೆ ನೋಡಿಕೊಳ್ಳುವ ಸೂಚನೆಗಳು ಅದರೊಳಗಿದ್ದವು. ಹೀಗಾಗಿ ಆರಂಭದ ಗೋಸ್ಟ್‌ಸ್ಕ್ರಿಪ್ಟ್ ಪುಟದ ವಿನ್ಯಾಸವನ್ನು ಸರಿಯಾಗಿ ಕಟ್ಟಿದರೂ ಅಕ್ಷರದ ಜಾಗದಲ್ಲಿ ನಕ್ಷೆ ಬರೆಯುವ ಯಂತ್ರಗಳಿಗಾಗಿ ಎಂದೋ ರೂಪಿಸಿದ್ದ ಹರ್ಷಿ ಗೆರೆಯಕ್ಷರಗಳನ್ನು ಕೂರಿಸಿ ಕೆಲಸ ಸಾಗಿಸಬೇಕಾಗುತ್ತಿತ್ತು. ಈ ಬೀಗ ತೆರೆದದ್ದು ಮುಕ್ತ ತಂತ್ರಾಂಶದವರ ಒತ್ತಾಯದಿಂದಲ್ಲ, ಪ್ರತಿಸ್ಪರ್ಧಿಗಳ ಭಯದಿಂದ. 1989ರ ಸೆಪ್ಟೆಂಬರಿನಲ್ಲಿ ಆಪಲ್ ಮತ್ತು ಮೈಕ್ರೋಸಾಫ್ಟ್ ಕೈಜೋಡಿಸಿ ಟ್ರೂಟೈಪ್ ಎಂಬ ಬೇರೆಯದೇ ಫಾಂಟ್ ಪದ್ಧತಿಯನ್ನು ಘೋಷಿಸಿದಾಗ ಅಡೋಬಿ ತಲ್ಲಣಿಸಿತು, ಮತ್ತು 1990ರಲ್ಲಿ ಟೈಪ್ 1ರ ರಚನೆಯನ್ನೂ ಪುಸ್ತಕವಾಗಿ ಹೊರತಂದಿತು. ಆದರೆ ರಚನೆ ತಿಳಿದ ಮಾತ್ರಕ್ಕೆ ಟೈಮ್ಸ್, ಹೆಲ್ವೆಟಿಕಾಗಳಂಥ ಅಕ್ಷರಗಳು ಕೈಗೆ ಬರುವುದಿಲ್ಲ. ಅವುಗಳನ್ನು ಯಾರಾದರೂ ಕುಳಿತು ಕೆತ್ತಬೇಕು. 1996ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಯುಆರ್‌ಡಬ್ಲ್ಯೂ ಫಾಂಟ್ ಕಂಪನಿಯು ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರುಗಳಲ್ಲಿ ಅಂತರ್ಗತವಾಗಿರುತ್ತಿದ್ದ 35 ಫಾಂಟುಗಳಿಗೆ ಅಳತೆಯಲ್ಲಿ ಸರಿಸಮನಾದ ತನ್ನ 35 ಫಾಂಟುಗಳನ್ನು ಗೋಸ್ಟ್‌ಸ್ಕ್ರಿಪ್ಟ್‌ಗೆ ಒದಗಿಸಿ ಜಿಪಿಎಲ್ ಅಡಿಯಲ್ಲಿಯೂ ಬಿಟ್ಟುಕೊಟ್ಟಿತು. ನಿಂಬಸ್ ಮೊದಲಾದ ಹೆಸರುಗಳ ಆ ಅಕ್ಷರಗಳು ಇಂದಿಗೂ ಲಿನಕ್ಸ್ ಯಂತ್ರಗಳಲ್ಲಿ ಕಾಣಸಿಗುತ್ತವೆ.

ಅಷ್ಟರಲ್ಲಿ ಅಡೋಬಿಯೇ ಮುಂದಿನ ಹೆಜ್ಜೆ ಇಟ್ಟಾಗಿತ್ತು. ಪೋಸ್ಟ್‌ಸ್ಕ್ರಿಪ್ಟ್ ಒಂದು ಪೂರ್ಣಪ್ರಮಾಣದ ಪ್ರೋಗ್ರಾಮಿಂಗ್ ಭಾಷೆಯಾದ್ದರಿಂದ ನೂರನೆಯ ಪುಟ ಹೇಗಿದೆಯೆಂದು ತಿಳಿಯಲು ಮೊದಲ ತೊಂಬತ್ತೊಂಬತ್ತು ಪುಟಗಳ ಆಜ್ಞೆಗಳನ್ನೂ ನಡೆಸಬೇಕಾಗಿ ಬರಬಹುದಿತ್ತು. ಅಚ್ಚಿಗೆ ಇದು ತೊಡಕಲ್ಲದಿದ್ದರೂ ಪರದೆಯ ಮೇಲೆ ಓದುವವರಿಗೆ ತೊಡಕೇ. ವಾರ್ನಾಕ್ ಕ್ಯಾಮೆಲಾಟ್ ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆಯ ಫಲವಾಗಿ 1993ರ ಜೂನ್‌ನಲ್ಲಿ ಬಂದ ಪಿಡಿಎಫ್ ಈ ತೊಡಕನ್ನು ನಿವಾರಿಸಿತು. ಪುಟ ಬರೆಯುವ ಆಜ್ಞೆಗಳನ್ನು ಪೋಸ್ಟ್‌ಸ್ಕ್ರಿಪ್ಟ್‌ನಿಂದ ಉಳಿಸಿಕೊಂಡು, ಪುನರಾವರ್ತನೆ, ಷರತ್ತು ಮೊದಲಾದ ಪ್ರೋಗ್ರಾಮಿಂಗ್ ಸಲಕರಣೆಗಳನ್ನು ಕಳಚಿಹಾಕಿ, ಕಡತದ ಕೊನೆಯಲ್ಲಿ ಪ್ರತಿಯೊಂದು ಅಂಗವೂ ಎಲ್ಲಿದೆಯೆಂದು ತೋರಿಸುವ ಸೂಚಿಯನ್ನಿಟ್ಟು, ಬೇಕಾದ ಫಾಂಟುಗಳನ್ನೂ ಕಡತದೊಳಗೇ ಅಡಕ ಮಾಡುವ ವ್ಯವಸ್ಥೆ ಅದರಲ್ಲಿತ್ತು. ಆರಂಭದಲ್ಲಿ ಓದುವ ತಂತ್ರಾಂಶಕ್ಕೂ ಅಡೋಬಿ 50 ಡಾಲರ್ ಬೆಲೆ ಇಟ್ಟಿತ್ತು; ಓದಲು ದುಡ್ಡು ಕೊಡುವವರು ಯಾರೂ ಇಲ್ಲವೆಂದು ಬೇಗನೆ ಅರಿತು ಅದನ್ನು ಉಚಿತಗೊಳಿಸಿತು. ಉಚಿತವಾದರೂ ಅದು ಮುಕ್ತವಾಗಿರಲಿಲ್ಲ. ಅದು ಯಾವ ಯಂತ್ರಕ್ಕೆ ಲಭ್ಯವೆಂಬುದು ಕಂಪನಿಯ ಇಚ್ಛೆಗೆ ಬಿಟ್ಟದ್ದಾಗಿತ್ತು. ಲಿನಕ್ಸ್‌ಗೆ ಅದನ್ನು ಒದಗಿಸುವುದನ್ನು ಅಡೋಬಿ 2013ರ ಬಳಿಕ ನಿಲ್ಲಿಸಿಯೂ ಬಿಟ್ಟಿತು. ಪಿಡಿಎಫ್‌ನ ವ್ಯಾಕರಣ ಮಾತ್ರ ಮೊದಲ ದಿನದಿಂದಲೂ ಪ್ರಕಟಿತವಾಗಿತ್ತು.

ಅದನ್ನು ಓದಿ ಡೆರೆಕ್ ನೂನ್‌ಬರ್ಗ್ ಎಂಬ ಅಮೆರಿಕನ್ ಪ್ರೋಗ್ರಾಮರ್ 1995ರ ಡಿಸೆಂಬರಿನಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ಎಕ್ಸ್‌ಪಿಡಿಎಫ್ ಬಿಡುಗಡೆ ಮಾಡಿದರು. ಅದರ ಮೊದಲ ವರ್ಷಗಳ ಚರಿತ್ರೆ ತಂತ್ರದ್ದು ಎಷ್ಟೋ ಕಾನೂನಿನದೂ ಅಷ್ಟೇ. ಆಗಿನ ಪಿಡಿಎಫ್ ಕಡತಗಳನ್ನು ಕಿರಿದಾಗಿಸಲು ಬಳಸುತ್ತಿದ್ದ ಎಲ್‌ಜೆಡ್‌ಡಬ್ಲ್ಯೂ ಎಂಬ ವಿಧಾನದ ಮೇಲೆ ಯೂನಿಸಿಸ್ ಕಂಪನಿಗೆ ಪೇಟೆಂಟ್ ಇತ್ತು. ಆದ್ದರಿಂದ ಆರಂಭದ ಎಕ್ಸ್‌ಪಿಡಿಎಫ್ ಆ ಭಾಗವನ್ನು ತಾನು ಬಿಡಿಸದೆ, ಯುನಿಕ್ಸ್ ಯಂತ್ರಗಳಲ್ಲಿ ಮೊದಲೇ ಇದ್ದ ಬೇರೊಂದು ತಂತ್ರಾಂಶದ ಕೈಗೆ ಕೊಟ್ಟು ಬಿಡಿಸಿ ಪಡೆಯುತ್ತಿತ್ತು. ಗೂಢಲಿಪೀಕರಿಸಿದ ಕಡತಗಳ ವಿಷಯದಲ್ಲಿ ಅಮೆರಿಕದ ರಫ್ತು ನಿಯಮಗಳು ಅಡ್ಡಬಂದವು. ಅವುಗಳನ್ನು ಬಿಡಿಸುವ ತುಣುಕನ್ನು ಆ ದೇಶದ ಹೊರಗಿನವರು ಬರೆದು ಪ್ರತ್ಯೇಕವಾಗಿ ಹಂಚಬೇಕಾಗಿತ್ತು. 1996ರ ಪಿಡಿಎಫ್ 1.2 ಆವೃತ್ತಿಯಲ್ಲಿ ಪೇಟೆಂಟಿನ ತೊಡಕಿಲ್ಲದ ಸಂಕೋಚನ ವಿಧಾನ ಬಂದಿತು. ರಫ್ತು ನಿಯಮಗಳು 2000ದ ಹೊತ್ತಿಗೆ ಸಡಿಲಗೊಂಡವು. ಎಲ್‌ಜೆಡ್‌ಡಬ್ಲ್ಯೂ ಮೇಲಿನ ಅಮೆರಿಕದ ಪೇಟೆಂಟ್ 2003ರಲ್ಲಿ ಮುಗಿಯಿತು.

ಇವುಗಳಿಗಿಂತ ಸೂಕ್ಷ್ಮವಾದದ್ದು ಅನುಮತಿಯ ಪ್ರಶ್ನೆ. ಪಿಡಿಎಫ್ ರಚಿಸುವವರು ಕಡತದೊಳಗೆ ಇದನ್ನು ಅಚ್ಚು ಮಾಡಬಾರದು, ಇದರ ಪಠ್ಯವನ್ನು ನಕಲು ಮಾಡಬಾರದು ಎಂಬ ಗುರುತುಗಳನ್ನು ಇಡಬಹುದು. ಓದಲು ಗುಪ್ತಪದ ಬೇಕಿಲ್ಲದ ಕಡತದಲ್ಲಿ ಈ ಗುರುತುಗಳಿಗೆ ಗಣಿತದ ಬೆಂಬಲವೇನೂ ಇರುವುದಿಲ್ಲ. ಪುಟವನ್ನು ತೋರಿಸಬಲ್ಲ ತಂತ್ರಾಂಶಕ್ಕೆ ಅದನ್ನು ನಕಲಿಸುವ ಶಕ್ತಿಯೂ ಇದ್ದೇ ಇರುತ್ತದೆ. ಅಂದರೆ ಈ ಬೀಗವು ಓದುವ ತಂತ್ರಾಂಶದ ಸೌಜನ್ಯವನ್ನು ನಂಬಿ ಹಾಕಿದ್ದು. ಈ ಸೌಜನ್ಯವನ್ನು ಅಡೋಬಿ ತನ್ನ ಕೈಪಿಡಿಯಲ್ಲಿಯೇ ಷರತ್ತಾಗಿ ಬರೆದಿತ್ತು. ಪಿಡಿಎಫ್ ಓದುವ ತಂತ್ರಾಂಶ ರಚಿಸುವವರು ಕಡತದ ಅನುಮತಿಗಳನ್ನು ಗೌರವಿಸಬೇಕೆಂದು ಅದು ಕೇಳಿತು. ನೂನ್‌ಬರ್ಗ್ ಅದನ್ನು ಪಾಲಿಸಿದರು. ಆದರೆ ಮೂಲ ಸಂಕೇತವೇ ಬಳಕೆದಾರರ ಕೈಯಲ್ಲಿರುವಾಗ, ಅನುಮತಿ ಪರೀಕ್ಷಿಸುವ ಎರಡು ಸಾಲುಗಳನ್ನು ಅಳಿಸಿಕೊಳ್ಳದಂತೆ ಅವರನ್ನು ತಡೆಯುವ ಉಪಾಯ ಯಾರಲ್ಲಿಯೂ ಇರಲಿಲ್ಲ. ಮುಂದೆ ಬಂದ ಒಕ್ಯುಲರ್ ಎಂಬ ತಂತ್ರಾಂಶವು ಈ ಇಕ್ಕಟ್ಟನ್ನು ಮುಚ್ಚುಮರೆಯಿಲ್ಲದೆ ಬಗೆಹರಿಸಿತು: ಅನುಮತಿಗಳನ್ನು ಪಾಲಿಸಬೇಕೋ ಬೇಡವೋ ಎಂಬುದನ್ನು ಅದು ಓದುಗರು ತಾವೇ ಗುರುತು ಹಾಕಿಕೊಳ್ಳುವ ಆಯ್ಕೆಯಾಗಿ ಇಟ್ಟಿದೆ.

ಇದೇ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಮಾಸ್ಕೋದ ಎಲ್ಕಾಮ್‌ಸಾಫ್ಟ್ ಕಂಪನಿಯ ಉದ್ಯೋಗಿ ದ್ಮಿತ್ರಿ ಸ್ಕ್ಲ್ಯಾರೊವ್ ಅಡೋಬಿಯ ಇ-ಪುಸ್ತಕಗಳ ರಕ್ಷಣೆಯನ್ನು ಕಳಚುವ ತಂತ್ರಾಂಶವನ್ನು ರಚಿಸಿ, ಆ ರಕ್ಷಣೆಯ ದೌರ್ಬಲ್ಯಗಳನ್ನು ಲಾಸ್ ವೇಗಸ್‌ನ ಸಮ್ಮೇಳನವೊಂದರಲ್ಲಿ ವಿವರಿಸಿದ ಮೇಲೆ 2001ರ ಜುಲೈ 16ರಂದು ಅಮೆರಿಕದ ಪೊಲೀಸರಿಂದ ಬಂಧಿತರಾದರು. ರಷ್ಯಾದಲ್ಲಿ ಅಪರಾಧವಲ್ಲದ ಕೆಲಸಕ್ಕೆ ಅಮೆರಿಕದ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯಿದೆಯಡಿ ಸೆರೆಯಾದ ಅವರ ಪರವಾಗಿ ಹಲವು ನಗರಗಳಲ್ಲಿ ಪ್ರತಿಭಟನೆಗಳು ನಡೆದವು. ದೂರು ಕೊಟ್ಟಿದ್ದ ಅಡೋಬಿಯೇ ಒಂದು ವಾರದಲ್ಲಿ ಹಿಂದೆ ಸರಿದು ಅವರ ಬಿಡುಗಡೆಯನ್ನು ಬೆಂಬಲಿಸಿತು. 2002ರ ಡಿಸೆಂಬರಿನಲ್ಲಿ ಜ್ಯೂರಿಯು ಎಲ್ಕಾಮ್‌ಸಾಫ್ಟ್ ಕಂಪನಿಯನ್ನು ನಿರ್ದೋಷಿಯೆಂದು ಸಾರಿತು. ಸ್ಕ್ಲ್ಯಾರೊವ್ ಅವರ ತಂತ್ರಾಂಶ ಮುಕ್ತವೇನೂ ಆಗಿರಲಿಲ್ಲ, ಮಾರಾಟದ ಸರಕೇ ಆಗಿತ್ತು. ಆದರೂ ಕಡತವನ್ನು ಓದುವ ಸಾಧನವನ್ನು ಬರೆಯುವುದೇ ಅಪರಾಧವಾಗಬಹುದೆಂಬ ಅಂಜಿಕೆ ಮುಕ್ತ ತಂತ್ರಾಂಶ ಬರೆಯುವವರನ್ನು ಬಹುಕಾಲ ಕಾಡಿತು.

ಎಕ್ಸ್‌ಪಿಡಿಎಫ್‌ನ ಯಶಸ್ಸು ಬೇರೊಂದು ಬಗೆಯ ಕಷ್ಟವನ್ನು ತಂದಿತು. ಅದರ ಮೂಲ ಸಂಕೇತ ಚೆನ್ನಾಗಿತ್ತು, ಹಂಚಿಕೆಗೆ ಅಡ್ಡಿಯಿರಲಿಲ್ಲ. ಆದ್ದರಿಂದ ಪಿಡಿಎಫ್ ಓದಬೇಕಾದ ತಂತ್ರಾಂಶಗಳೆಲ್ಲ ಅದರ ಪ್ರತಿಯೊಂದನ್ನು ತಮ್ಮೊಳಗೆ ಸೇರಿಸಿಕೊಂಡವು. ಲಿನಕ್ಸ್‌ನ ಡೆಸ್ಕ್‌ಟಾಪ್ ವ್ಯವಸ್ಥೆಗಳಾದ ಗ್ನೋಮ್‌ನ ಜಿಪಿಡಿಎಫ್ ಮತ್ತು ಕೆಡಿಇಯ ಕೆಪಿಡಿಎಫ್, ಮುದ್ರಣ ವ್ಯವಸ್ಥೆಯಾದ ಕಪ್ಸ್, ಅಕ್ಷರಜೋಡಣೆಯ ಟೆಕ್ ಸಂಕಲನಗಳು, ಹೀಗೆ ಒಂದೇ ಸಂಕೇತದ ಹತ್ತಾರು ಪ್ರತಿಗಳು ಹರಡಿಕೊಂಡವು. 2004ರಲ್ಲಿ ಎಕ್ಸ್‌ಪಿಡಿಎಫ್‌ನಲ್ಲಿ ಗಂಭೀರವಾದ ಸುರಕ್ಷತಾ ದೋಷಗಳು ಬೆಳಕಿಗೆ ಬಂದಾಗ ಪ್ರತಿಯೊಂದು ಪ್ರತಿಯನ್ನೂ ಹುಡುಕಿ ಬೇರೆಬೇರೆಯಾಗಿ ದುರಸ್ತಿ ಮಾಡಬೇಕಾಯಿತು. ಇದಕ್ಕೆ ಪರಿಹಾರವಾಗಿ 2005ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಎಕ್ಸ್‌ಪಿಡಿಎಫ್‌ನಿಂದ ಒಂದು ಕವಲನ್ನು ಒಡೆದು ಪಾಪ್ಲರ್ ಎಂಬ ಗ್ರಂಥಾಲಯವನ್ನು ಆರಂಭಿಸಿದರು. ಗ್ರಂಥಾಲಯವೆಂದರೆ ಇಲ್ಲಿ ಹಲವು ತಂತ್ರಾಂಶಗಳು ಒಟ್ಟಾಗಿ ಬಳಸಿಕೊಳ್ಳುವ ಒಂದೇ ಸಾಮಾನ್ಯ ಅಂಗ. ಗ್ನೋಮ್‌ನ ಎವಿನ್ಸ್ ಮತ್ತು ಕೆಪಿಡಿಎಫ್‌ನಿಂದ ಬೆಳೆದ ಒಕ್ಯುಲರ್ ಎರಡೂ ಅದರ ಮೇಲೆ ನಿಂತವು. ಇದಕ್ಕೆ ಸಮಾನಾಂತರವಾಗಿ ಟಾರ್ ಆಂಡರ್ಸನ್ ಆರಂಭಿಸಿದ ಮ್ಯುಪಿಡಿಎಫ್ ಎಂಬ ಹಗುರವಾದ ಓದುಗವೂ, ವಿಂಡೋಸ್ ಬಳಕೆದಾರರಿಗಾಗಿ 2006ರಲ್ಲಿ ಬಂದು ಮುಂದೆ ಅದನ್ನೇ ಆಧರಿಸಿದ ಸುಮಾತ್ರಾಪಿಡಿಎಫ್ ಕೂಡ ಬೆಳೆದವು. ಅಡೋಬಿಯ ಪಿಡಿಎಫ್ ವ್ಯಾಕರಣ 2008ರ ಜುಲೈನಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನಕವಾದಾಗ ಈ ತಂತ್ರಾಂಶಗಳಿಗೆ ಹೊಸದಾಗಿ ಸಿಕ್ಕಿದ್ದು ಕಡಿಮೆ. ಅವು ಮಾನಕಕ್ಕೆ ಮೊದಲೇ ಮನೆಮಾಡಿಕೊಂಡಿದ್ದವು. 2011ರಲ್ಲಿ ಗ್ನು ಯೋಜನೆಯ ಹಿಂದಿನ ಸಂಸ್ಥೆಯಾದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ತನ್ನ ಆದ್ಯತೆಯ ಪಟ್ಟಿಯಿಂದ ಗ್ನು ಪಿಡಿಎಫ್ ಯೋಜನೆಯನ್ನು ಕೈಬಿಟ್ಟಿತು, ಪಾಪ್ಲರ್ ಆಗಲೇ ಸಾಕಷ್ಟು ಬಲಿತಿದೆಯೆಂಬ ಕಾರಣಕ್ಕೆ.

ಓದುವುದು ಹೀಗೆ ಒಂದು ಹದಕ್ಕೆ ಬಂದರೂ ರಚಿಸುವುದರ ದಾರಿ ಬೇರೆಯಾಗಿತ್ತು. ಗಣಿತಜ್ಞರ ಲೋಕಕ್ಕೆ ಡೊನಾಲ್ಡ್ ಕ್ನೂತ್ ಅವರ ಟೆಕ್ ಎಂಬ ಅಕ್ಷರಜೋಡಣೆಯ ತಂತ್ರಾಂಶ ಮೊದಲಿನಿಂದಲೂ ಇತ್ತು. ತಮ್ಮದೇ ಪುಸ್ತಕದ ಎರಡನೆಯ ಮುದ್ರಣದ ಕರಡಚ್ಚಿನ ಅಂದಗೇಡಿತನಕ್ಕೆ ಬೇಸತ್ತು 1977ರಲ್ಲಿ ಅವರು ಕೈಹಾಕಿದ ಆ ಕೆಲಸ ತಂತ್ರಾಂಶದ ಇತಿಹಾಸದಲ್ಲಿ ತನ್ನದೇ ಒಂದು ಅಧ್ಯಾಯ. ಅದರಿಂದ ನೇರವಾಗಿ ಪಿಡಿಎಫ್ ಹೊರಡಿಸುವ ಪಿಡಿಎಫ್‌ಟೆಕ್ ಅನ್ನು ಚೆಕ್ ದೇಶದ ಬ್ರನೋ ನಗರದ ಮಸಾರಿಕ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಮಿನ ಹಾನ್ ಥೆ ಥಾನ್ ತಮ್ಮ ಸಂಶೋಧನೆಯ ಅಂಗವಾಗಿ ರೂಪಿಸಿದರು. ಕಚೇರಿಗಳ ಲೋಕದಲ್ಲಿ ಚಾಲ್ತಿಯಲ್ಲಿದ್ದದ್ದು ಮೈಕ್ರೋಸಾಫ್ಟ್ ವರ್ಡ್‌ನ ಡಾಕ್ ಕಡತ, ಮತ್ತು ಅದಕ್ಕೆ ಕೆಂಪು ಪುಸ್ತಕದಂಥದ್ದು ಇರಲಿಲ್ಲ. ಸನ್ ಕಂಪನಿ 1999ರಲ್ಲಿ ಜರ್ಮನಿಯ ಸ್ಟಾರ್‌ಡಿವಿಷನ್ ಅನ್ನು ಕೊಂಡು, 2000ದ ಅಕ್ಟೋಬರಿನಲ್ಲಿ ಅದರ ಕಚೇರಿ ತಂತ್ರಾಂಶವನ್ನು ಓಪನ್ ಆಫೀಸ್ ಹೆಸರಿನಲ್ಲಿ ಮುಕ್ತಗೊಳಿಸಿದಾಗ, ಡಾಕ್ ಕಡತವನ್ನು ತೆರೆಯುವ ಅದರ ಶಕ್ತಿ ವರ್ಷಗಟ್ಟಲೆ ಕಡತಗಳನ್ನು ಬಿಚ್ಚಿ ಜೋಡಿಸಿ ಊಹೆಯಿಂದ ಗಳಿಸಿದ್ದಾಗಿತ್ತು. ಪ್ರಕಟಿತ ವ್ಯಾಕರಣ ಇದ್ದಲ್ಲಿ ಒಬ್ಬಿಬ್ಬರು ಮುಗಿಸಿದ ಕೆಲಸಕ್ಕೆ, ಅದು ಇಲ್ಲದಲ್ಲಿ ದೊಡ್ಡ ಕಂಪನಿಯ ಸಂಬಳದ ಪಡೆಯೇ ಬೇಕಾಯಿತು. 2008ರಲ್ಲಿ ಮೈಕ್ರೋಸಾಫ್ಟ್ ಆ ವ್ಯಾಕರಣವನ್ನು ಪ್ರಕಟಿಸುವವರೆಗೂ ಸ್ಥಿತಿ ಹೀಗೆಯೇ ಇತ್ತು. 2003ರ ಓಪನ್ ಆಫೀಸ್ 1.1ರಲ್ಲಿ ಒಂದೇ ಗುಂಡಿಯಿಂದ ಪಿಡಿಎಫ್ ಹೊರಡಿಸುವ ಅನುಕೂಲ ಬಂದಾಗ ವರ್ಡ್‌ನಲ್ಲಿ ಅದು ಇರಲಿಲ್ಲ.

ಓಪನ್ ಆಫೀಸ್‌ನ ಕಡತರೂಪವೇ ತಿದ್ದುಪಡಿಗಳೊಡನೆ ಓಡಿಎಫ್ ಎಂಬ ಹೆಸರಿನಲ್ಲಿ 2006ರಲ್ಲಿ ಐಎಸ್‌ಒ ಮಾನಕವಾಯಿತು. ಅದಕ್ಕೆ ಪ್ರತಿಯಾಗಿ ಮೈಕ್ರೋಸಾಫ್ಟ್ ಮುಂದಿಟ್ಟ ಸುಮಾರು ಆರು ಸಾವಿರ ಪುಟಗಳ ಓಒಎಕ್ಸ್‌ಎಂಎಲ್ ಪ್ರಸ್ತಾವ 2007ರ ಮತದಾನದಲ್ಲಿ ಬಿದ್ದು 2008ರಲ್ಲಿ ಗೆದ್ದಿತು. ಭಾರತೀಯ ಮಾನಕ ಬ್ಯೂರೊ ಎರಡು ಬಾರಿಯೂ ವಿರುದ್ಧವಾಗಿ ಮತ ಹಾಕಿತು, ಹಾಗೂ ಬ್ರೆಜಿಲ್, ದಕ್ಷಿಣ ಆಫ್ರಿಕಾ, ವೆನೆಜುವೆಲಾಗಳೊಡನೆ ಸೇರಿ ಫಲಿತಾಂಶದ ವಿರುದ್ಧ ಮೇಲ್ಮನವಿ ಸಲ್ಲಿಸಿತು, ಮೇಲ್ಮನವಿ ತಿರಸ್ಕೃತವಾಯಿತು. 2010ರಲ್ಲಿ ಸನ್ ಕಂಪನಿಯು ಒರಾಕಲ್ ಪಾಲಾದಾಗ ಓಪನ್ ಆಫೀಸ್‌ನ ಹಲವು ಕೆಲಸಗಾರರು ಹೊರಬಂದು ಅದೇ ಸಂಕೇತದಿಂದ ಲಿಬ್ರೆ ಆಫೀಸ್ ಕಟ್ಟಿದರು.

ಪಿಡಿಎಫ್‌ನಲ್ಲಿಯೂ ಒಂದು ಮೂಲೆ ಮುಚ್ಚಿಯೇ ಉಳಿದಿತ್ತು. ಎಕ್ಸ್‌ಎಫ್‌ಎ ಎಂಬ ತುಂಬುವ ಫಾರಂಗಳ ಪದ್ಧತಿಯು ಐಎಸ್‌ಒ ಮಾನಕದಲ್ಲಿ ಉಲ್ಲೇಖಗೊಂಡರೂ ಅದರ ವ್ಯಾಕರಣ ಅಡೋಬಿಯದಾಗಿಯೇ ಉಳಿಯಿತು. ಭಾರತದಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯದ ಇ-ಫಾರಂಗಳು ಬಹುಕಾಲ ಈ ಬಗೆಯವಾಗಿದ್ದು, ಅವುಗಳನ್ನು ಎವಿನ್ಸ್ ಅಥವಾ ಒಕ್ಯುಲರ್‌ನಲ್ಲಿ ತುಂಬಲಾಗುತ್ತಿರಲಿಲ್ಲ. 2011ರಲ್ಲಿ ಮೊಜಿಲ್ಲಾದಲ್ಲಿ ಆರಂಭವಾಗಿ 2013ರಲ್ಲಿ ಫೈರ್‌ಫಾಕ್ಸ್ 19ರ ಸಹಜ ಅಂಗವಾದ ಪಿಡಿಎಫ್.ಜೆಎಸ್ ಓದುಗವು 2021ರಲ್ಲಿ ಈ ಫಾರಂಗಳನ್ನು ತೆರೆಯಲು ಕಲಿಯಿತು.

ಕನ್ನಡದ ಪುಟಗಳಿಗೆ ಬಂದಾಗ ಸಮಸ್ಯೆಯ ಜಾಗವೇ ಬದಲಾಗುತ್ತದೆ. ಪಿಡಿಎಫ್ ಪುಟದಲ್ಲಿ ಇರುವುದು ಅಕ್ಷರಗಳ ಆಕೃತಿಗಳು. ಯಾವ ಆಕೃತಿ ಯಾವ ಅಕ್ಷರವೆಂದು ತಿಳಿಸುವ ಪಟ್ಟಿಯನ್ನು ಕಡತ ರಚಿಸಿದವರು ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 1990ರ ದಶಕದಿಂದ ಕನ್ನಡದ ಅಚ್ಚುಕೆಲಸ ನಡೆದದ್ದು ಎಲ್ಲ ಲಿಪಿಗಳಿಗೂ ಸಾಮಾನ್ಯ ಸಂಕೇತಕ್ರಮವಾದ ಯೂನಿಕೋಡ್ ಅನ್ನು ಅರಿಯದ ಪೇಜ್‌ಮೇಕರ್‌ನಲ್ಲಿ. ಶ್ರೀಲಿಪಿ, ಬರಹ, ನುಡಿ ಮೊದಲಾದ ಕನ್ನಡ ತಂತ್ರಾಂಶಗಳು ಕಾಗುಣಿತದ ತುಂಡುಗಳನ್ನು, ಒತ್ತುಗಳನ್ನು, ಕೊಂಬುಗಳನ್ನು ರೋಮನ್ ಅಕ್ಷರ ಮತ್ತು ಚಿಹ್ನೆಗಳಿಗೆ ಮೀಸಲಾದ 256 ಮನೆಗಳಲ್ಲಿ ತಮ್ಮ ತಮ್ಮ ಕ್ರಮದಂತೆ ಕೂರಿಸಿದ್ದವು. ನುಡಿ ಕರ್ನಾಟಕ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ರೂಪಿಸಿದ್ದು. ಅದು ಬೆಲೆಯಿಲ್ಲದೆ ಸಿಗುತ್ತಿತ್ತು, ಎಲ್ಲ ಕಚೇರಿಗಳಿಗೂ ಒಂದೇ ಸಂಕೇತಕ್ರಮ ಒದಗಿಸಿದ ಉಪಕಾರ ಅದರದು. ಆದರೆ ಹಾಗೆ ರಚಿತವಾದ ಪಿಡಿಎಫ್‌ನಿಂದ ಪಠ್ಯವನ್ನು ಎತ್ತಿದರೆ, ಪಾಪ್ಲರ್ ಆಗಲಿ ಅಡೋಬಿಯ ಓದುಗವಾಗಲಿ ಕೊಡುವುದು ರೋಮನ್ ಅಕ್ಷರಗಳ ಕಲಸುಮೇಲೋಗರ. ಅದರಲ್ಲಿ ಅವುಗಳ ತಪ್ಪಿಲ್ಲ. ಕಡತದಲ್ಲಿ ಬರೆದಿರುವುದೇ ಅದು.

ಯೂನಿಕೋಡ್ ಬಂದ ಮೇಲೂ ತೊಡಕು ಪೂರ್ತಿ ಹರಿಯಲಿಲ್ಲ. ‘ಅರ್ಕ’ ಎಂಬಲ್ಲಿ ರಕಾರವು ಯೂನಿಕೋಡ್ ಕ್ರಮದಲ್ಲಿ ಕಕಾರಕ್ಕೆ ಮೊದಲು ಬಂದರೂ ಅರ್ಕಾವೊತ್ತಾಗಿ ಕಾಣಿಸಿಕೊಳ್ಳುವುದು ಕಕಾರದ ಬಲಕ್ಕೆ. ಪುಟದಲ್ಲಿ ಆಕೃತಿಗಳು ಕಾಣುವ ಕ್ರಮದಲ್ಲಿರುವುದರಿಂದ ನಕಲಿಸಿದ ಪಠ್ಯದಲ್ಲಿ ಅಕ್ಷರಗಳು ಹಿಂದುಮುಂದಾಗುತ್ತವೆ. ಆಕೃತಿಗಳ ಗುಂಪಿನೊಡನೆ ಅದರ ನಿಜವಾದ ಪಠ್ಯವನ್ನೂ ಇಡುವ ಏರ್ಪಾಡು ಪಿಡಿಎಫ್ 1.4ರಿಂದಲೇ ಇದೆಯಾದರೂ ಅದನ್ನು ಬರೆಯುವ ತಂತ್ರಾಂಶ ಬೇಕು. ಈ ದಿಕ್ಕಿನಲ್ಲಿ ಉಪಕಾರವಾದದ್ದು ಮುಕ್ತ ತಂತ್ರಾಂಶಗಳಿಂದಲೇ. ಒತ್ತಕ್ಷರ, ಕಾಗುಣಿತಗಳನ್ನು ಲಿಪಿಯ ನಿಯಮದಂತೆ ಜೋಡಿಸುವ ಹಾರ್ಫ್‌ಬಜ್ ಎಂಬ ಗ್ರಂಥಾಲಯವನ್ನು ಬೆಹದಾದ್ ಎಸ್ಫಹಬೋದ್ ಬೆಳೆಸಿದರು. 2017ರ ಲಿಬ್ರೆ ಆಫೀಸ್ 5.3 ಎಲ್ಲ ಯಂತ್ರಗಳಲ್ಲಿಯೂ ಅದನ್ನೇ ಆಶ್ರಯಿಸಿತು. ಪುಟವಿನ್ಯಾಸದ ಸ್ಕ್ರೈಬಸ್ ಅದೇ ವರ್ಷದ ಪ್ರಾಯೋಗಿಕ ಆವೃತ್ತಿಯಲ್ಲಿ ಭಾರತೀಯ ಲಿಪಿಗಳಿಗೆ ಬಾಗಿಲು ತೆರೆಯಿತು. ಜೊನಾಥನ್ ಕ್ಯೂ 2004ರಲ್ಲಿ ತಂದ ಜೀಟೆಕ್‌ನಿಂದ ಟೆಕ್ ಕೂಡ ಯೂನಿಕೋಡ್ ಕನ್ನಡವನ್ನು ನೇರವಾಗಿ ಸ್ವೀಕರಿಸುವಂತಾಗಿತ್ತು. ರೆಡ್ ಹ್ಯಾಟ್ ಹಂಚಿದ ಲೋಹಿತ್ ಕನ್ನಡದಂಥ ಮುಕ್ತ ಫಾಂಟುಗಳು ಜೊತೆಗೆ ಬಂದವು.

ಹಳೆಯ ಕಡತಗಳ ರಾಶಿ ಮಾತ್ರ ಹಾಗೆಯೇ ಇದೆ. ನುಡಿಯ ಸಂಕೇತಕ್ರಮ ತಿಳಿದಿರುವುದರಿಂದ ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಸ್ವಯಂಸೇವಕರು ಬರೆದು ಮುಕ್ತವಾಗಿ ಹಂಚಿದ್ದಾರೆ. ಸಂಕೇತಕ್ರಮ ತಿಳಿಯದ, ಅಥವಾ ಪಿಡಿಎಫ್ ಮಾಡುವಾಗ ಫಾಂಟಿನ ಮನೆಗಳು ಮರುಜೋಡಣೆಗೊಂಡು ಗುರುತೇ ಅಳಿದುಹೋದ ಪುಟಗಳಿಗೆ ಉಳಿದಿರುವ ದಾರಿ ಟೆಸರಾಕ್ಟ್. ಎಚ್‌ಪಿ ಪ್ರಯೋಗಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿ, 2005ರಲ್ಲಿ ಮುಕ್ತಗೊಂಡು, ಮುಂದೆ ಕನ್ನಡವನ್ನೂ ಕಲಿತ ಈ ತಂತ್ರಾಂಶವು ಅಕ್ಷರದ ಚಿತ್ರವನ್ನು ನೋಡಿ ಅಕ್ಷರವನ್ನು ಗುರುತಿಸುತ್ತದೆ. ಹೀಗಾಗಿ ಕಂಪ್ಯೂಟರಿನಲ್ಲಿಯೇ ಬೆರಳಚ್ಚಾಗಿ, ಕಂಪ್ಯೂಟರಿನಲ್ಲಿಯೇ ಪುಟವಾದ ಕನ್ನಡ ಪುಸ್ತಕವೊಂದರ ಪಠ್ಯವನ್ನು ಮರಳಿ ಪಡೆಯಬೇಕಾದಾಗ, ಅದರ ಪುಟಗಳನ್ನು ಮೊದಲು ಪಾಪ್ಲರ್ ಅಥವಾ ಗೋಸ್ಟ್‌ಸ್ಕ್ರಿಪ್ಟ್‌ನಿಂದ ಬರಿಯ ಚಿತ್ರಗಳಾಗಿ ಇಳಿಸಿ, ಮೊಳೆಯಚ್ಚಿನ ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿದಾಗ ಮಾಡುವಂತೆಯೇ ಟೆಸರಾಕ್ಟ್‌ನಿಂದ ಓದಿಸಬೇಕಾಗುತ್ತದೆ.